ಪಾಸ್‌ಪೋರ್ಟಿನಲ್ಲೊಂದು ತೂತು

೯ ಜುಲೈ ೧೯೯೪, ಶನಿವಾರ

ಬೆಳಗ್ಗೆ ಕರೆಸ್ಪಾಂಡೆಂಟ್ ಕರೆದು ಕಳಿಸಿದರು. ಕಾಲೇಜು ಅವರ ಟ್ರಸ್ಟಿನದು, ಪ್ರಿನ್ಸಿಪಾಲರೇ ಅವರ ಮುಂದೆ ನಿಂತು ಮಾತಾಡುತ್ತಾರೆ. ಏನು ತಪ್ಪು ಮಾಡಿದೆನೋ ಎಂದು ನೆನಪು ಮಾಡಿಕೊಳ್ಳುತ್ತಲೇ ಮೆಟ್ಟಿಲು ಹತ್ತಿದೆ. ತಪ್ಪೇನೂ ಇರಲಿಲ್ಲ. ಅದಕ್ಕಿಂತ ದೊಡ್ಡದು ಕಾದಿತ್ತು.

ಈ ವರ್ಷ ಬಿ.ಫಾರ್ಮ್ ಓದಲು ಕೆನ್ಯಾದಿಂದ ಇಬ್ಬರು ಹುಡುಗರು ಬರುತ್ತಾರಂತೆ. ಹೊರದೇಶದವರು ನಮ್ಮಲ್ಲಿ ಸೇರುವುದು ಇದೇ ಮೊದಲು. ಸ್ಟೇಷನ್ನಿಗೆ ಹೋಗಿ ಕರೆತರುವುದು, ಹಾಸ್ಟೆಲಿಗೆ ಸೇರಿಸುವುದು, ಬ್ಯಾಂಕು, ಪೋಲೀಸು, ಎಲ್ಲಾ ಗುಮಾಸ್ತನಾದ ನನ್ನ ತಲೆಗೆ. ಸೇತುಮಾಧವ ರಾವ್ ಹೆದರುವ ಮನುಷ್ಯ, ಹೆದರುವವನು ತಪ್ಪು ಮಾಡುವುದಿಲ್ಲ ಎಂದು ಕರೆಸ್ಪಾಂಡೆಂಟ್ ಎಲ್ಲರೆದುರೇ ಅಂದರು. ಹೊಗಳಿದರೋ ಹಂಗಿಸಿದರೋ ತಿಳಿಯಲಿಲ್ಲ.

ಈ ಪುಸ್ತಕವನ್ನು ಕನ್ನಡದಲ್ಲಿ ಬರೆಯುವುದೂ ಹೆದರಿಕೆಯಿಂದಲೇ. ಇದು ತಮಿಳುನಾಡಿನ ಸೇಲಂ, ಆಫೀಸಿನ ಡ್ರಾಯರಿನಲ್ಲಿ ಮರೆತರೂ ಅಲ್ಲಿ ಓದುವವರಿಲ್ಲ. ಅಟೆಂಡರ್ ಮಾರಿಯಪ್ಪ ಮನೆಯಲ್ಲಿ ಕನ್ನಡ ಆಡುವವನೇ, ಆದರೆ ಅವನಿಗೆ ಓದಲು ಬರುವುದು ತಮಿಳು ಮಾತ್ರ. ನನಗೆ ಅಜ್ಜಿ ಕೋಲು ಹಿಡಿದು ಕಲಿಸಿದ್ದರಿಂದ ಬಂತು.

೧೮ ಜುಲೈ, ಸೋಮವಾರ

ಯರ್ಕಾಡ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದರು. ನಾನು ನಾಲ್ಕು ಗಂಟೆಗೇ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದೆ. ಸಿಕ್ಕದಿದ್ದರೆ ಏನು ಗತಿ ಎಂಬ ಚಿಂತೆ. ಸಿಕ್ಕದೆ ಎಲ್ಲಿ ಹೋಗುತ್ತಾರೆ, ಇಡೀ ಪ್ಲಾಟ್‌ಫಾರ್ಮು ಅವರನ್ನೇ ನೋಡುತ್ತಿತ್ತು.

ಒಬ್ಬ ಡಂಕನ್. ಎತ್ತರದ ಹುಡುಗ, ಬಾಯಿ ಜೋರು, ಇಳಿದ ಕೂಡಲೇ ಪೋರ್ಟರಿನ ಜತೆ ನಗುತ್ತ ಮಾತಿಗೆ ನಿಂತ. ಇನ್ನೊಬ್ಬ ಟೈಟಸ್ ಮುಟಿಂಡ. ಹತ್ತೊಂಬತ್ತು ವರ್ಷ, ಸಣ್ಣ ಮೈ. ಪೆಟ್ಟಿಗೆಯನ್ನು ಕೆಳಗಿಡದೆ ಎದೆಗೆ ಒತ್ತಿಕೊಂಡೇ ನಿಂತಿದ್ದ. ನನ್ನನ್ನು ನೋಡಿ ತಲೆ ಬಾಗಿಸಿ, ನೀವು ನಮ್ಮ ಜವಾಬ್ದಾರಿಯವರಾ ಸಾರ್ ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೌದು ಅನ್ನಲು ನನಗೆ ಅರ್ಧ ನಿಮಿಷ ಹಿಡಿಯಿತು.

೨೦ ಜುಲೈ, ಬುಧವಾರ

ನಮ್ಮ ಕಾಲೇಜಿನಲ್ಲಿ ಸೇರಿದವರ ಮೂಲ ಪ್ರಮಾಣಪತ್ರಗಳೆಲ್ಲ ಆಫೀಸಿನಲ್ಲೇ ಇರಬೇಕು. ನಡುವೆ ಬಿಟ್ಟು ಬೇರೆ ಕಾಲೇಜಿಗೆ ಓಡಬಾರದಲ್ಲ, ಅದಕ್ಕೆ. ಪಾಸ್‌ಪೋರ್ಟನ್ನೂ ತೆಗೆದಿಡಿ ಎಂದು ಕರೆಸ್ಪಾಂಡೆಂಟರ ಅಪ್ಪಣೆಯಾಯಿತು. ಡಂಕನ್ ಕೊಡಲಿಲ್ಲ. ಅಪ್ಪ ಯಾರ ಕೈಗೂ ಕೊಡಬೇಡ ಅಂದಿದ್ದಾರೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟ. ಬಲು ಉದ್ಧಟ. ಟೈಟಸ್ ಎರಡೂ ಕೈಯಿಂದ ಕೊಟ್ಟ. ಯಾವಾಗ ವಾಪಸ್ ಸಿಗುತ್ತದೆ ಎಂದು ಕೇಳಿದ, ಬೇಗ ಎಂದೆ.

ಸಂಜೆ ಅವನ ಫೈಲು ಕಟ್ಟಿದೆ. ಕ್ರಮ ತಪ್ಪದೆ ಒಂದೊಂದನ್ನೂ ಎಡಮೂಲೆಯಲ್ಲಿ ಪಂಚ್ ಮಾಡಿ, ಹಸಿರು ಟ್ಯಾಗಿನ ದಾರ ಪೋಣಿಸಿ ಗಂಟು ಹಾಕಿದೆ. ಪಾಸ್‌ಪೋರ್ಟು ದಪ್ಪ ಪುಸ್ತಕ. ನಮ್ಮ ಹಳೇ ಕಬ್ಬಿಣದ ಪಂಚಿಂಗ್ ಮೆಷಿನ್ನಿಗೂ ಜಗ್ಗಲಿಲ್ಲ, ಎದ್ದು ನಿಂತು ಮೈಭಾರ ಹಾಕಿ ಒತ್ತಬೇಕಾಯಿತು. ಹನ್ನೊಂದು ವರ್ಷದಲ್ಲಿ ನನ್ನ ಫೈಲಿನಿಂದ ಒಂದು ಚೀಟಿ ಉದುರಿದ್ದಿಲ್ಲ. ಈ ಮಾತನ್ನು ಜಂಬಕ್ಕೆ ಬರೆಯುತ್ತಿಲ್ಲ, ಹೆದರಿಕೆ ಇದ್ದವನಿಗೆ ಅಷ್ಟಾದರೂ ಸಮಾಧಾನ ಬೇಕು.

೨೪ ಜುಲೈ, ಭಾನುವಾರ

ನಿನ್ನೆ ಇಬ್ಬರನ್ನೂ ಮುನುಸ್ವಾಮಿಯ ಸಲೂನಿಗೆ ಕರೆದೊಯ್ದೆ. ಇಂಥ ಕೂದಲಿಗೆ ಕತ್ತರಿ ಹಾಕಿ ರೂಢಿಯಿಲ್ಲ ಎಂದು ಮುನುಸ್ವಾಮಿ ಹಿಂದೆ ಸರಿದ. ಡಂಕನ್ ತಾನೇ ಮೆಷಿನ್ ಹಿಡಿದು ಟೈಟಸ್‌ನ ತಲೆಯ ಮೇಲೆ ತೋರಿಸಿಕೊಟ್ಟ. ಬೀದಿಯ ಅರ್ಧ ಜನ ಬಾಗಿಲಲ್ಲಿ ನಿಂತು ನೋಡಿದರು. ಟೈಟಸ್ ಕಣ್ಣು ಮುಚ್ಚಿ ಕೂತಿದ್ದ. ಆ ನೋಟಗಳಿಗೆ ನನ್ನ ಮೈಯೇ ಮುದುಡಿಹೋಯಿತು, ಅವನಿಗೆ ಹೇಗಿತ್ತೋ.

ಮೆಸ್ಸಿನ ಸಾಂಬಾರು ಅವನಿಗೆ ಹಿಡಿಸುತ್ತಿಲ್ಲ. ಬಂದ ದಿನದಿಂದ ಬಾಳೆಹಣ್ಣು, ಬ್ರೆಡ್ಡು. ಮಾರಿಯಪ್ಪ ಶುಕ್ರವಾರ ಬಂದು, "ಸಾರ್, ಆ ಉಡ್ಗ ಏನೂ ತಿಂತಿಲ್ಲ. ನಮ್ಮನೇಲಿ ರಾಗಿ ಇಟ್ಟು ಮಾಡ್ಸಿ ತರ್ಲಾ?" ಎಂದ. ನಗಬೇಕೆನಿಸಿತು, ಆದರೂ ಸರಿ ಎಂದೆ. ಟೈಟಸ್ ಮುದ್ದೆಯನ್ನು ನೋಡಿ, ನಾವು ಮುರಿಯುವ ಹಾಗೇ ಬೆರಳಲ್ಲಿ ಮುರಿದು ತಿಂದ. ಅವರ ಬೆಟ್ಟದ ಮೇಲೂ ರಾಗಿ ಬೆಳೆಯುತ್ತಾರಂತೆ. ಅದನ್ನು ವಿಂಬಿ ಅನ್ನುತ್ತಾರಂತೆ.

ಈ ಮಧ್ಯಾಹ್ನ ಮನೆಗೆ ಕರೆದಿದ್ದೆ. ಹೆಂಡತಿ ತುಂಗಾಬಾಯಿ ಜಗುಲಿಯ ಮೇಲೆ ಎಲೆ ಹಾಕಿದಳು. ಅವಳ ಮಡಿ ಅವಳಿಗೆ, ನಾನು ನಡುವೆ ಬಾಯಿ ಹಾಕಲಿಲ್ಲ.

೨೮ ಜುಲೈ, ಗುರುವಾರ

ರಾಯರ ದಿನವೆಂದೇ ನೋಡಿ ಹೊರಟದ್ದು. ದೇಶಕ್ಕೆ ಬಂದ ಹದಿನಾಲ್ಕು ದಿನದೊಳಗೆ ಹೊರದೇಶದವರು ಎಸ್.ಪಿ. ಆಫೀಸಿನಲ್ಲಿ ಹೆಸರು ನೋಂದಾಯಿಸಬೇಕು. ಟೈಟಸ್‌ನ ಫೈಲಿನಿಂದ ಪಾಸ್‌ಪೋರ್ಟು ಬಿಡಿಸಿ, ಜೇಬಿನಲ್ಲಿಟ್ಟು, ದಾರಿಯುದ್ದಕ್ಕೂ ಮೇಲೆ ಕೈಯಿಟ್ಟುಕೊಂಡೇ ಹೋದೆ.

ಡಂಕನ್‌ನದು ಹತ್ತು ನಿಮಿಷದಲ್ಲಿ ಮುಗಿಯಿತು. ಟೈಟಸ್‌ನದನ್ನು ಇನ್‌ಸ್ಪೆಕ್ಟರ್ ತೆರೆದರು, ಮುಚ್ಚಿದರು, ಬೆಳಕಿಗೆ ಹಿಡಿದರು. ತೂತಿನಲ್ಲಿ ಕಿಟಕಿಯ ಬೆಳಕು ಕಾಣಿಸಿತು. ಇದು ರದ್ದಾದ ಪಾಸ್‌ಪೋರ್ಟು, ರದ್ದು ಮಾಡುವಾಗಲೇ ಹೀಗೆ ಮೂಲೆಯಲ್ಲಿ ತೂತು ಹಾಕುವುದು, ಯಾರು ರದ್ದು ಮಾಡಿದರು, ಯಾವ ದೇಶದಲ್ಲಿ ಎಂದು ಕೇಳಿದರು.

ಟೈಟಸ್ ಪುಸ್ತಕ ನೋಡಿ, ಇದರಲ್ಲಿ ತೂತು ಇರಲಿಲ್ಲ ಎಂದ. ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದರು. ನಾನು "ತೆರಿಯಾದು ಸಾರ್" ಎಂದೆ. ಗೊತ್ತಿಲ್ಲ ಅಂದುಬಿಟ್ಟೆ. ಬಾಯಿಂದ ಬಂದೇ ಹೋಯಿತು.

ಪಾಸ್‌ಪೋರ್ಟು ಅಲ್ಲೇ ಉಳಿಯಿತು. ಆಗಸ್ಟ್ ಹದಿನೆಂಟರೊಳಗೆ ಕಾಲೇಜಿನಿಂದ ಲಿಖಿತ ವಿವರಣೆ ಬರಬೇಕು. ಸರಿಯಾದ ಕಾರಣ ಇಲ್ಲದಿದ್ದರೆ ಹುಡುಗನನ್ನು ದೇಶದಿಂದ ಹೊರಗೆ ಕಳಿಸುವ ಕಾಗದ ಹೊರಡುತ್ತದೆ. ಅಲ್ಲಿಯವರೆಗೆ ಅವನು ಸೇಲಂ ಬಿಟ್ಟು ಹೋಗಬಾರದು, ದಿನಾ ಸಂಜೆ ಠಾಣೆಯಲ್ಲಿ ಸಹಿ ಮಾಡಬೇಕು.

೨೯ ಜುಲೈ, ಶುಕ್ರವಾರ

ನಾನೇ ಹಾಕಿದ್ದು. ನನ್ನ ಕೈಯಿಂದಲೇ. ಎದ್ದು ನಿಂತು ಒತ್ತಿದ್ದು.

ನಾನು ಪಾಸ್‌ಪೋರ್ಟು ಕಂಡವನೇ ಅಲ್ಲ. ಕಾಗದ ಅಂದರೆ ತೂತು ಹಾಕಬೇಕು, ದಾರ ಕಟ್ಟಬೇಕು, ಅಷ್ಟೇ ನನಗೆ ಗೊತ್ತು. ಇದನ್ನು ಯಾರು ನಂಬುತ್ತಾರೆ? ನಿಜ ಹೇಳಿದರೆ ಕೆಲಸ ಹೋಗುತ್ತದೆ, ಒಂದು ಸರ್ಕಾರದ ದಾಖಲೆ ಹಾಳು ಮಾಡಿದೆ ಎಂದು ಜೈಲಿಗೂ ಹಾಕಬಹುದು.

೧ ಆಗಸ್ಟ್, ಸೋಮವಾರ

ಕರೆಸ್ಪಾಂಡೆಂಟರಿಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಾಗಿಲು ಮುಚ್ಚಿಸಿ, ಸ್ಟೆನೋಗೂ ಹೇಳದೆ ನನ್ನಿಂದಲೇ ಪತ್ರ ಟೈಪ್ ಮಾಡಿಸಿದರು. ವಿದ್ಯಾರ್ಥಿ ಕೊಟ್ಟಾಗಲೇ ಸದರಿ ಪಾಸ್‌ಪೋರ್ಟಿನಲ್ಲಿ ತೂತು ಇತ್ತು, ನಮ್ಮ ಗುಮಾಸ್ತರು ಗಮನಿಸಿರಲಿಲ್ಲ ಎಂದು ಅದರ ಸಾರ. ತೆಗೆದುಕೊಂಡವನು ನಾನಾದ್ದರಿಂದ ಕೆಳಗೆ ಸಹಿ ನನ್ನದೇ ಬೇಕು. ಹೊರದೇಶದ ಹುಡುಗನಿಗೆ ಹಿಂದಿರುಗಲು ಒಂದು ಊರಿದೆ, ನಿಮಗೆ ಎಲ್ಲಿದೆ ಎಂದು ಕೇಳಿದರು.

ನಾಳೆ ಸಹಿ ಮಾಡುತ್ತೇನೆ ಎಂದು ಪತ್ರವನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

೫ ಆಗಸ್ಟ್, ಶುಕ್ರವಾರ

ಸಹಿ ಮಾಡಿಲ್ಲ. ಪತ್ರ ಚೀಲದಲ್ಲೇ ಇದೆ. ನಾಲ್ಕು ದಿನದಲ್ಲಿ ಅಂಚು ಸುಕ್ಕಾಗಿದೆ.

ಟೈಟಸ್ ಸಂಜೆ ಠಾಣೆಗೆ ಒಬ್ಬನೇ ಹೋಗುತ್ತಿದ್ದ. ಬುಧವಾರದಿಂದ ನಾನೂ ಜತೆಗೆ ಹೋಗುತ್ತಿದ್ದೇನೆ. ಯಾರೂ ಹೇಳಿದ್ದಲ್ಲ. ಠಾಣೆಯೆಂದರೆ ಬಸ್ಸಿನಲ್ಲಿ ಹಾದುಹೋಗುವಾಗಲೂ ಮುಖ ಆ ಕಡೆ ತಿರುಗಿಸುವವನು ನಾನು. ಈಗ ಬೆಂಚಿನ ಮೇಲೆ ಕೂತು ಅವನ ಸಹಿ ಮುಗಿಯುವವರೆಗೆ ಕಾಯುತ್ತೇನೆ. ಏಕೆ ಹೋಗುತ್ತೇನೋ ನನಗೇ ತಿಳಿಯದು. ಬಹುಶಃ ಅವನು ಅಲ್ಲಿ ಏನು ಬಾಯಿಬಿಡುತ್ತಾನೋ ಎಂಬ ದಿಗಿಲಿಗೆ ಇರಬೇಕು.

ಬರುವಾಗ ಟೈಟಸ್ ತಾನೇ ಒಂದು ಕಾರಣ ಕಂಡುಹಿಡಿದು ಹೇಳಿದ. ಬೊಂಬಾಯಿ ಏರ್‌ಪೋರ್ಟಿನಲ್ಲಿ ಒಬ್ಬ ಅಧಿಕಾರಿ ಅವನ ಪುಸ್ತಕವನ್ನು ಒಳಗೆ ತೆಗೆದುಕೊಂಡು ಹೋಗಿದ್ದನಂತೆ. ಅವನೇ ಮಾಡಿರಬೇಕು ಅಲ್ಲವೇ ಸಾರ್ ಎಂದ. ಇರಬಹುದು ಎಂದೆ. ಆಮೇಲೆ ರಸ್ತೆ ದಾಟುವಾಗ ಲಾರಿ ಬರುವುದನ್ನು ನೋಡದೆ ಕಾಲಿಟ್ಟೆ, ಅವನೇ ತೋಳು ಹಿಡಿದು ಹಿಂದಕ್ಕೆಳೆದ.

೮ ಆಗಸ್ಟ್, ಸೋಮವಾರ

ಟೈಟಸ್‌ನ ಹೊಟ್ಟೆ ಕೆಟ್ಟಿತ್ತು. ಮನೆಗೆ ಕರೆತಂದು ಮೊಸರನ್ನ ಕಲಸಿಕೊಡು ಎಂದೆ. ತುಂಗಾ ಈ ಸಲ ನಡುಮನೆಯಲ್ಲೇ ತಟ್ಟೆ ಇಟ್ಟಳು. ತಿಂದಾದ ಮೇಲೆ ಅವನು ಮಾತಾಡಿದ. ಅವರ ಹಳ್ಳಿಯಿಂದ ಹೊರದೇಶಕ್ಕೆ ಓದಲು ಬಂದವರಲ್ಲಿ ಅವನೇ ಮೊದಲಿಗ. ಹೊರಡುವ ದಿನ ಚರ್ಚಿನಲ್ಲಿ ಎಲ್ಲರೂ ತಲೆಯ ಮೇಲೆ ಕೈಯಿಟ್ಟು ಹರಸಿದರಂತೆ. "ಕಳಿಸಿಬಿಟ್ಟರೆ ಓದು ಹೋಗೋದು ಹಾಗಿರಲಿ ಸಾರ್. ಅಲ್ಲಿ ಏನು ಮಾಡಿ ಬಂದ ಅಂತ ಎಲ್ಲರೂ ಕೇಳ್ತಾರೆ. ಏನೂ ಮಾಡಿಲ್ಲ ಅಂದರೆ ನಂಬೋರು ಯಾರು?" ಎಂದ.

ಅವನು ಹೋದ ಮೇಲೆ ತುಂಗಾ ಪಾತ್ರೆ ಎತ್ತದೆ ನನ್ನೆದುರು ಕೂತಳು. ಈ ಪುಸ್ತಕ ಓದಿದ್ದಾಳೆ. ಆಫೀಸಿನವರಿಗೆ ಹೆದರಿ ಕನ್ನಡದಲ್ಲಿ ಬರೆದೆ, ಮನೆಯಲ್ಲಿ ಕನ್ನಡ ಓದುವವಳೊಬ್ಬಳಿದ್ದಾಳೆ ಎಂಬುದು ತಲೆಗೆ ಹೋಗಲಿಲ್ಲ ನೋಡು. ಕೂಗಾಡುತ್ತಾಳೆ ಎಂದುಕೊಂಡೆ. "ಅವನ ಎದುರಿಗೆ ಕೂತು ನಿಮ್ಮ ಗಂಟಲಲ್ಲಿ ಅನ್ನ ಹೇಗ್ರೀ ಇಳೀತು?" ಎಂದಷ್ಟೇ ಕೇಳಿದಳು. ಕೆಲಸ ಹೋಗುತ್ತದೆ ಕಣೇ ಎಂದೆ. ಅವಳು ಎದ್ದು ಪಾತ್ರೆ ತೊಳೆಯಲು ಹೋದಳು.

೧೧ ಆಗಸ್ಟ್, ಗುರುವಾರ

ಏಳು ದಿನ ಉಳಿದಿದೆ. ಕರೆಸ್ಪಾಂಡೆಂಟರ ಕಾರಿನ ಹಾರ್ನ್ ಕೇಳಿದರೆ ಸ್ಟೋರ್ ರೂಮಿಗೆ ಹೋಗುತ್ತೇನೆ. ಪತ್ರ ಎಲ್ಲಿ ಎಂದು ಎರಡು ಸಲ ಹೇಳಿಕಳಿಸಿದರು.

೧೪ ಆಗಸ್ಟ್, ಭಾನುವಾರ

ಟೈಟಸ್ ಇಲ್ಲ.

ಸಂಜೆ ಠಾಣೆಗೆ ಕರೆದೊಯ್ಯಲು ಹಾಸ್ಟೆಲಿಗೆ ಹೋದರೆ ರೂಮಿಗೆ ಬೀಗ. ಬಾವಿ ಇಣುಕಿದೆ, ಟೆರೇಸು ಹತ್ತಿದೆ. ಏನೇನೆಲ್ಲ ಯೋಚನೆ ಬಂತು ಎಂದು ಬರೆಯಲಾರೆ. ಕೊನೆಗೆ ಸಿನಿಮಾ ನೋಡಿಕೊಂಡು ಬಂದ ಡಂಕನ್ ಹೇಳಿದ. ಮಾರಿಯಪ್ಪ ರಜೆಗೆ ಊರಿಗೆ ಹೊರಟಿದ್ದನಂತೆ, ವಿಂಬಿ ಹೊಲ ನೋಡಬೇಕು ಎಂದು ಟೈಟಸ್ ಬೆಳಗ್ಗೆ ಅವನ ಬಸ್ಸು ಹತ್ತಿದನಂತೆ. ಊರು ಬಿಡಬಾರದಲ್ಲವೇ ಎಂದರೆ, ಒಂದೇ ದಿನ ಸಾರ್, ಇಲ್ಲಿದ್ದರೆ ಅವನಿಗೆ ಹುಚ್ಚು ಹಿಡಿಯುತ್ತಿತ್ತು ಎಂದ.

ಮಾರಿಯಪ್ಪನ ಹೆಂಡತಿಯ ಊರು ಪಾಲಮಲೆ. ಕೊಳತ್ತೂರಿನಲ್ಲಿಳಿದು ಬೆಟ್ಟ ಹತ್ತಬೇಕು. ಆ ಕಾಡಿನಲ್ಲಿ ಈಗ ಕಾಡುಗಳ್ಳನ ಬೇಟೆಗೆಂದು ಹೆಜ್ಜೆ ಹೆಜ್ಜೆಗೂ ಪೋಲೀಸು, ಅದರಲ್ಲೂ ನಾಳೆ ಆಗಸ್ಟ್ ಹದಿನೈದು. ಕೈಯಲ್ಲಿ ಕಾಗದವಿಲ್ಲದ ಹೊರದೇಶದ ಹುಡುಗ ಅಲ್ಲಿ ಸಿಕ್ಕಿಬಿದ್ದರೆ ಮುಗಿಯಿತು, ಹದಿನೆಂಟರವರೆಗೆ ಕಾಯುವ ಮಾತೇ ಇಲ್ಲ.

ಠಾಣೆಗೆ ಹೋಗಿ ಅವನಿಗೆ ಜ್ವರ ಎಂದು ಸುಳ್ಳು ಹೇಳಿ ಬಂದೆ. ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ.

೧೫ ಆಗಸ್ಟ್, ಸೋಮವಾರ

ಇದ್ದದ್ದನ್ನು ಇದ್ದ ಹಾಗೆ ಬರೆದುಬಿಡುತ್ತೇನೆ.

ಮೇಟ್ಟೂರಿನಲ್ಲಿ ಬಸ್ಸು ಬದಲಾಯಿಸಿ ಕೊಳತ್ತೂರಿಗೆ ಹೋದೆ. ದಾರಿಯಲ್ಲಿ ಎರಡು ಕಡೆ ಪೋಲೀಸರು ಬಸ್ಸು ಹತ್ತಿ ಸೀಟಿನ ಕೆಳಗೆಲ್ಲ ನೋಡಿದರು. ನನ್ನ ಚೀಲದಲ್ಲಿದ್ದದ್ದು ಒಂದು ಟವೆಲು, ಸಹಿಯಿಲ್ಲದ ಆ ಪತ್ರ. ಅದನ್ನು ಓದಿಬಿಟ್ಟರೆ ಎಂದು ಚೀಲವನ್ನು ತೊಡೆಯ ಕೆಳಗಿಟ್ಟುಕೊಂಡೆ.

ಬೆಟ್ಟ ಹತ್ತುವ ಗತಿ ಬರಲಿಲ್ಲ, ರಾಯರು ದೊಡ್ಡವರು. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇಬ್ಬರೂ ಕೂತಿದ್ದರು. ಟೈಟಸ್‌ನ ಪ್ಯಾಂಟಿಗೆ ಮೊಣಕಾಲವರೆಗೂ ಕೆಮ್ಮಣ್ಣು, ಮುಖದಲ್ಲಿ ನಗು. ಸೇಲಮ್ಮಿಗೆ ಬಂದ ಮೇಲೆ ಅವನು ನಕ್ಕದ್ದನ್ನು ನಾನು ಕಂಡಿರಲಿಲ್ಲ. ನನ್ನನ್ನು ಕಂಡದ್ದೇ ನಗು ಆರಿಹೋಯಿತು.

ಮಾರಿಯಪ್ಪ ಎದ್ದು ಕೈಕಟ್ಟಿ ನಿಂತ. "ಊರು ಬಿಟ್ಟೋಗ್ಬಾರ್ದು ಅಂತ ನಂಗೆ ಗೊತ್ತಿರ್ಲಿಲ್ಲ ಸಾರ್. ಮೇಲೆ ನಮ್ಮ ಮಾಮನ ಒಲ ಐತೆ, ನೋಡ್ಬೇಕು ಅಂದ, ಕರ್ಕೊಂಡೋದೆ. ನಿಂತು ನೋಡ್ಲಿಲ್ಲ ಸಾರ್, ನಮ್ಮೋರ್ ಜತೆ ಸಾಲಿಡ್ದು ಕಳೆ ಕಿತ್ತವ್ನೆ." ನಾನು ಬೈಯಬೇಕೆಂದು ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಮರೆತೇಹೋದವು. ಟೀ ಕುಡಿದು ಮೂವರೂ ಬಸ್ಸು ಹತ್ತಿದೆವು.

ಬಸ್ಸು ಮೂರು ಮೈಲಿ ಹೋಗಿರಲಿಲ್ಲ, ನಿಲ್ಲಿಸಿದರು. ಒಬ್ಬ ವಯಸ್ಸಾದ ಹೆಡ್ ಕಾನ್‌ಸ್ಟೇಬಲ್, ಬಂದೂಕು ಹಿಡಿದ ಇಬ್ಬರು ಎಳೆಯರು. ನೇರ ನಮ್ಮ ಸೀಟಿಗೇ ಬಂದರು. ಯಾರಿವನು, ಪಾಸ್‌ಪೋರ್ಟೆಲ್ಲಿ, ಈ ಕಾಡಿನ ಕಡೆ ಏನು ಕೆಲಸ? ಒಬ್ಬ ಎಳೆಯ ಟೈಟಸ್‌ನ ಕಾಲರಿಗೆ ಕೈ ಹಾಕಿ ಎಬ್ಬಿಸಿದ. ಟೈಟಸ್ ನನ್ನನ್ನೇ ನೋಡಿದ. ಬಸ್ಸಿನ ಜನ ಬಾಗಿಲ ಕಡೆ ಜರುಗಿದರು.

ಏನೋ ಒಂದು ಸುಳ್ಳು ಹೇಳಬೇಕೆಂದೇ ಬಾಯಿ ತೆರೆದದ್ದು. ಹೊರಗೆ ಬಂದದ್ದು ಬೇರೆಯೇ. ಅವನನ್ನು ಬಿಡಿ, ಅವನದೇನೂ ತಪ್ಪಿಲ್ಲ, ಪಾಸ್‌ಪೋರ್ಟು ಎಸ್.ಪಿ. ಆಫೀಸಿನಲ್ಲಿದೆ, ಅದರಲ್ಲಿ ತೂತು ಹಾಕಿದವನು ನಾನು ಎಂದೆ ತಮಿಳಿನಲ್ಲಿ. ತೂತು ಎಂದರೇನು ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದರು. ಎಡಗೈಯನ್ನು ಚಾಚಿ, ಅದರ ಮೇಲೆ ಬಲಗೈ ಊರಿ, ಎದ್ದು ನಿಂತು ಮೈಭಾರ ಹಾಕಿ ಒತ್ತಿ ತೋರಿಸಿದೆ. ಹೀಗೆ ಹಾಕಿದೆ, ಆಫೀಸಿನ ಮೆಷಿನ್ನಿನಲ್ಲಿ, ಫೈಲಿಗೆ ಎಂದೆ. ಟೈಟಸ್‌ಗೆ ತಮಿಳು ಬರುವುದಿಲ್ಲ. ಕೈ ನೋಡಿದರೆ ಸಾಕಾಗಿತ್ತು.

ಹೆಡ್ ಕಾನ್‌ಸ್ಟೇಬಲ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇದನ್ನು ಇಲ್ಲಿ ಬಸ್ಸಿನಲ್ಲಿ ಹೇಳಿ ಏನು ಪ್ರಯೋಜನ ಅಯ್ಯರೇ, ಹೇಳಬೇಕಾದ ಜಾಗದಲ್ಲಿ ಹೇಳಿ ಎಂದರು. ಮೂವರ ಹೆಸರು ಬರೆದುಕೊಂಡು, ನಾಳೆ ಸೇಲಮ್ಮಿಗೆ ವರದಿ ಹೋಗುತ್ತದೆ ಎಂದು ಹೇಳಿ ಇಳಿದುಹೋದರು.

ಬಸ್ಸು ಹೊರಟ ಮೇಲೆ ಟೈಟಸ್ ಕೇಳಿದ, "ನೀವಾ ಸಾರ್?"

"ನಾನೇ" ಎಂದೆ.

"ಬೊಂಬಾಯಿಯವನು ಅಂದಾಗ ಇರಬಹುದು ಅಂದಿರಲ್ಲ?"

ಹೆದರಿಕೆಯಾಯಿತು ಎಂದೆ. ಅವನು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತ. ಸೇಲಮ್ಮಿನವರೆಗೂ ತಿರುಗಿ ನೋಡಲಿಲ್ಲ. ಮಾರಿಯಪ್ಪ ನಡುವಿನ ಸೀಟಿನಲ್ಲಿ ಕೂತು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡುತ್ತಿದ್ದ.

೧೬ ಆಗಸ್ಟ್, ಮಂಗಳವಾರ

ಎಸ್.ಪಿ. ಆಫೀಸು ತೆರೆಯುವ ಮೊದಲೇ ಹೋಗಿ ನಿಂತೆ. ಪಂಚಿಂಗ್ ಮೆಷಿನ್ನನ್ನು ಟವೆಲಿನಲ್ಲಿ ಸುತ್ತಿ ಒಯ್ದಿದ್ದೆ, ಬಲು ಭಾರ. ಇನ್‌ಸ್ಪೆಕ್ಟರ್ ಎದುರಿಗೆ ಒಂದು ಬಿಳಿ ಹಾಳೆಗೆ ತೂತು ಹಾಕಿ, ಪಾಸ್‌ಪೋರ್ಟಿನ ಮೇಲಿಟ್ಟು ತೋರಿಸಿದೆ. ತೂತಿಗೆ ತೂತು ಕೂತಿತು. ಮೆಷಿನ್ನಿನ ಅಚ್ಚು ಒಂದು ಕಡೆ ಸವೆದು ಅಂಚು ಹರಿಯುತ್ತದೆ, ಅದೂ ಎರಡರಲ್ಲೂ ಒಂದೇ ಕಡೆ.

ಇನ್‌ಸ್ಪೆಕ್ಟರ್ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ಅವತ್ತು ಏಕೆ ಹೇಳಲಿಲ್ಲ ಎಂದರು. ಹೆದರಿಕೆ ಎಂದೆ. ಈಗ ಹೆದರಿಕೆ ಇಲ್ಲವೋ ಎಂದರು. ಇದೆ ಎಂದೆ. ಎಲ್ಲವನ್ನೂ ಬರೆದು ಸಹಿ ಮಾಡಿಸಿಕೊಂಡರು. ಕೊಳತ್ತೂರಿನ ವರದಿಯೂ ಬಂದಿತ್ತು. ಅದರಲ್ಲೂ ನಾನು ಹೇಳಿದ ಮಾತೇ ಇತ್ತಂತೆ, ಆದ್ದರಿಂದ ಊರು ಬಿಟ್ಟದ್ದಕ್ಕೆ ಎಚ್ಚರಿಕೆ ಕೊಟ್ಟು ಬಿಟ್ಟರು.

ಆದರೆ ತೂತಿನ ಪಾಸ್‌ಪೋರ್ಟು ತೂತಿನದೇ. ಟೈಟಸ್ ದೆಹಲಿಯಲ್ಲಿರುವ ಅವರ ದೇಶದ ಕಚೇರಿಗೆ ಹೋಗಿ ಹೊಸದು ತರಬೇಕು, ಸೆಪ್ಟೆಂಬರ್ ಐದರೊಳಗೆ. ಅವನು ಮರಳಿ ಬರುತ್ತಾನೆ ಎಂದು ಯಾರಾದರೂ ಜಾಮೀನು ನಿಲ್ಲಬೇಕು. ಬರದಿದ್ದರೆ ನಿಂತವರ ಮೇಲೆ ಕೇಸು.

೧೯ ಆಗಸ್ಟ್, ಶುಕ್ರವಾರ

ಕಾಲೇಜು ಜಾಮೀನಿಗೆ ಒಪ್ಪಲಿಲ್ಲ. ನಾನು ನಿಂತೆ. ಇವತ್ತು ಟೈಟಸ್‌ನನ್ನು ರೈಲು ಹತ್ತಿಸಿದೆ. ಸೋಮವಾರದಿಂದ ನನ್ನ ಜತೆ ಮಾತಿಲ್ಲ. ತುಂಗಾ ಮೂರು ದಿನಕ್ಕಾಗುವಷ್ಟು ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ಅದನ್ನು ತೆಗೆದುಕೊಂಡು, ಅಮ್ಮನಿಗೆ ಥ್ಯಾಂಕ್ಸ್ ಹೇಳಿ ಎಂದ. ಅಷ್ಟೇ.

ಆಗ್ರಾ ಸ್ಟೇಷನ್ನಿನಲ್ಲಿ ಇಳಿಯಬೇಡ, ಅದೇ ದೆಹಲಿ ಎಂದು ಯಾರಾದರೂ ಅಂದರೂ ನಂಬಬೇಡ ಎಂದು ಹೇಳಬೇಕೆಂದಿದ್ದೆ. ರೈಲು ಹೊರಟುಬಿಟ್ಟಿತು.

೨೫ ಆಗಸ್ಟ್, ಗುರುವಾರ

ಟೈಟಸ್‌ನಿಂದ ಕಾಗದವಿಲ್ಲ. ಅವನ ಸ್ಥಾನದಲ್ಲಿ ನಾನಿದ್ದರೆ ಹೊಸ ಪಾಸ್‌ಪೋರ್ಟು ಸಿಕ್ಕ ದಿನವೇ ಊರಿಗೆ ಹೊರಟುಬಿಡುತ್ತಿದ್ದೆ. ಇಲ್ಲಿ ಅವನನ್ನು ಎಳೆಯುವಂಥದ್ದು ಏನಿದೆ? ಕೋಪ ಬರಿಸುವ ನಾನೊಬ್ಬ.

ದೆಹಲಿಯಲ್ಲಿ ಪ್ಲೇಗೋ ಕಾಲರಾವೋ ಎಂದು ಸ್ಟೇಷನ್ನಿನ ಟಿಕೆಟ್ ಕಿಟಕಿಯ ಗುಮಾಸ್ತ ಹೇಳಿದ. ಸುಳ್ಳು ಹೇಳುವುದೇ ಅವನ ಕಸುಬು. ಆದರೂ ಕೊಳಾಯಿ ನೀರು ಕುಡಿಯಬೇಡ ಎಂದು ಹುಡುಗನಿಗೆ ಹೇಳಿಕಳಿಸಲಿಲ್ಲವಲ್ಲ.

೨೯ ಆಗಸ್ಟ್, ಸೋಮವಾರ

ಬರೆಯುವುದು ಮರೆತಿದ್ದೆ. ಹತ್ತು ದಿನದ ಹಿಂದೆಯೇ ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ. ವಿಚಾರಣೆಯಾದ ಮೇಲೆ ಕೆಲಸದಿಂದಲೇ ತೆಗೆಯುತ್ತಾರೆ ಎನ್ನುತ್ತಾರೆ.

ಇವತ್ತೂ ಸ್ಟೇಷನ್ನಿಗೆ ಹೋಗಿದ್ದೆ. ಅವನ ಹತ್ತಿರ ಸ್ವೆಟರಿಲ್ಲ. ದೆಹಲಿಯಲ್ಲಿ ಈಗ ಚಳಿ ಇರುತ್ತದೆಯೇ ಎಂದು ಟಿಕೆಟ್ ಕಲೆಕ್ಟರನ್ನು ಕೇಳಿದೆ. ಆತ ನಕ್ಕ.

೧ ಸೆಪ್ಟೆಂಬರ್, ಗುರುವಾರ

ಇಲ್ಲ.

೩ ಸೆಪ್ಟೆಂಬರ್, ಶನಿವಾರ

ಬಂದ. ನಾನು ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿದ್ದೆ, ಅವನು ಈ ತುದಿಯಲ್ಲಿ ಇಳಿದು ಒಬ್ಬನೇ ಮನೆಗೆ ಹೋಗಿದ್ದಾನೆ. ನಾನು ಖಾಲಿ ಕೈಯಲ್ಲಿ ಮನೆಗೆ ಬಂದು ನೋಡಿದರೆ ಅಡುಗೆಮನೆಯ ಹೊಸ್ತಿಲ ಒಳಗೆ ಮಣೆಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾನೆ. ತುಂಗಾ ಎರಡನೇ ಸಲ ಬಡಿಸುತ್ತಿದ್ದಳು. ನಾನು ಗೋಡೆಗೊರಗಿ ಕೂತುಬಿಟ್ಟೆ.

ಹೊಸ ಪಾಸ್‌ಪೋರ್ಟು ಸಿಕ್ಕಿದೆ. ತಡವಾದದ್ದು ಅದಕ್ಕೇ. ಅಲ್ಲಿಂದ ಊರಿಗೆ ಹೋದರಾಯಿತು ಎಂದು ಅನ್ನಿಸಲಿಲ್ಲವೇ ಎಂದು ಕೇಳಿಯೇಬಿಟ್ಟೆ. ಅನ್ನಿಸಿತು ಎಂದ, ಎರಡು ದಿನ ಅದನ್ನೇ ಯೋಚಿಸಿದೆ ಎಂದ. "ನಿಮ್ಮ ಮೇಲೆ ಇನ್ನೂ ಕೋಪ ಇದೆ ಸಾರ್. ಆದರೆ ದೆಹಲಿಯಲ್ಲಿ ಕೋಪ ಮಾಡಿಕೊಳ್ಳೋಕೆ ನನಗೆ ಯಾರೂ ಇರಲಿಲ್ಲ." ಅಷ್ಟು ಹೇಳಿ ತಟ್ಟೆ ಕಡೆ ತಲೆ ಬಗ್ಗಿಸಿದ. ತುಂಗಾ ಬೆನ್ನು ತಿರುಗಿಸಿ ಒಲೆಯ ಹತ್ತಿರ ಏನೋ ಹುಡುಕತೊಡಗಿದಳು.

೫ ಸೆಪ್ಟೆಂಬರ್, ಸೋಮವಾರ

ಕೊನೆಯ ದಿನ. ಟೈಟಸ್ ಬೆಳಗ್ಗೆ ಬಂದು ಎಸ್.ಪಿ. ಆಫೀಸಿಗೆ ಹೋಗೋಣ ಎಂದ. ನಾನು ಈಗ ಕಾಲೇಜಿನವನಲ್ಲ, ಯಾವ ಮುಖ ಹೊತ್ತು ಬರಲಿ ಎಂದೆ. ಅವನು ಬಾಗಿಲಲ್ಲಿ ನಿಂತೇ ಇದ್ದ. ಅಂಗಿ ಹಾಕಿಕೊಂಡು ಹೊರಟೆ.

ಇನ್‌ಸ್ಪೆಕ್ಟರ್ ಹೊಸ ಪುಸ್ತಕವನ್ನು ಹಾಳೆ ಹಾಳೆ ತಿರುವಿ ನೋಡಿದರು. ನೋಂದಣಿಯ ಫಾರಂ ನೋಡಿದರು. ಸ್ಥಳೀಯ ಪೋಷಕರು ಎಂಬಲ್ಲಿ ಬೆರಳಿಟ್ಟು, ಇದು ಖಾಲಿ ಇದೆ, ಇದು ತುಂಬದೆ ಸೀಲು ಬೀಳುವುದಿಲ್ಲ ಎಂದರು. ಡಂಕನ್‌ನ ಫಾರಮ್ಮಿನಲ್ಲಿ ಕಾಲೇಜಿನ ಹೆಸರು, ಕರೆಸ್ಪಾಂಡೆಂಟರ ಸಹಿ ಇದೆಯಂತೆ. ಇವನಿಗೆ ಅವರು ಕೊಡುವುದಿಲ್ಲ ಎಂಬುದು ನನಗೆ ಗೊತ್ತು. ಇಷ್ಟೆಲ್ಲ ಆಗಿ ಇಲ್ಲಿ ಬಂದು ಸಿಕ್ಕಿಕೊಂಡಿತಲ್ಲ ಎಂದುಕೊಂಡೆ.

ಟೈಟಸ್ ಪೆನ್ನು ತೆಗೆದು ನನ್ನ ಹೆಸರು ಬರೆದ. ಸೇತುಮಾಧವ ರಾವ್ ಎಂದು ಒಂದು ಅಕ್ಷರವೂ ತಪ್ಪಿಲ್ಲದೆ, ಕೆಳಗೆ ನಮ್ಮ ಮನೆಯ ನಂಬರು, ಬೀದಿ. ಇನ್‌ಸ್ಪೆಕ್ಟರ್ ಓದಿ, ನನ್ನನ್ನು ನೋಡಿ, ಅವನನ್ನು ನೋಡಿದರು.

"ನಿನ್ನ ಪಾಸ್‌ಪೋರ್ಟಿಗೆ ತೂತು ಹಾಕಿದವರು ಇವರೇ ತಾನೆ?"

"ಇವರೇ" ಎಂದ ಟೈಟಸ್. "ಈ ಊರಲ್ಲಿ ನನಗೆ ಇರೋರು ಇವರೇ ಸಾರ್."

ಸಂಬಂಧ ಎಂಬಲ್ಲಿ ಏನು ಬರೆಯಬೇಕೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕಾದು ಇನ್‌ಸ್ಪೆಕ್ಟರೇ ಅಲ್ಲೊಂದು ಗೆರೆ ಎಳೆದು ಸೀಲು ಹಾಕಿದರು. ನಾನು ಸಹಿ ಮಾಡಿದೆ.

ನಾಳೆ ಎಂಟಕ್ಕೇ ಅವನಿಗೆ ಕೆಮಿಸ್ಟ್ರಿ ಕ್ಲಾಸು. ಮೂರು ವಾರದ ಪಾಠ ಹೋಗಿದೆ, ಬೆಳಗ್ಗೆ ಏಳುವುದರಲ್ಲಿ ಅವನು ಸೋಮಾರಿ. ಆರೂವರೆಗೆ ಹಾಸ್ಟೆಲಿಗೆ ಹೋಗಿ ಬಾಗಿಲು ಬಡಿಯಬೇಕು.